ಉಚಿತವೋ ಮುಕ್ತವೋ: ಅನಿಮೇಷನ್ ಉಪಕರಣಗಳು, ಉದ್ಯಮದ ಮಾನ ಮತ್ತು ಕನ್ನಡದ ಒತ್ತಕ್ಷರ

1

ಕೋಲ್ಕತ್ತದ ಎಸ್ಪ್ಲನೇಡಿನಲ್ಲಿ ಬಂದಿಳಿಯುವ ಕನ್ನಡಿಗರಿಗೆ ಆ ಸ್ಥಳ ಪೂರ್ತಿಯಾಗಿ ಪರಕೀಯವೆಂದು ತೋರುವುದಿಲ್ಲ. ಧರ್ಮತಲಾದ ಮೂಲೆಯಲ್ಲಿ ಟಿಪ್ಪು ಸುಲ್ತಾನನ ಹೆಸರಿನ ಮಸೀದಿಯಿದೆ. ಶ್ರೀರಂಗಪಟ್ಟಣದ ಪತನಾನಂತರ ವೆಲ್ಲೂರಿಗೂ, ಅಲ್ಲಿನ 1806ರ ದಂಗೆಯ ಬಳಿಕ ಕಲ್ಕತ್ತೆಗೂ ಸಾಗಿಸಲ್ಪಟ್ಟ ಕುಟುಂಬದ ಕಿರಿಯ ಮಗ ಗುಲಾಂ ಮೊಹಮ್ಮದ್ ಅದನ್ನು 1842ರಲ್ಲಿ ಕಟ್ಟಿಸಿದನು. ಅದಕ್ಕೆ ಅನತಿದೂರದಲ್ಲಿ ಮೆಟ್ರೊ ಚಿತ್ರಮಂದಿರದ ಕಟ್ಟಡವಿದೆ. 1935ರಲ್ಲಿ ಹಾಲಿವುಡ್ಡಿನ ಮೆಟ್ರೊ-ಗೋಲ್ಡ್‌ವಿನ್-ಮೇಯರ್ ಸಂಸ್ಥೆ ತನ್ನ ಚಿತ್ರಗಳನ್ನು ತಾನೇ ತೋರಿಸಿಕೊಳ್ಳಲೆಂದು ಅದನ್ನು ಕಟ್ಟಿತು. ಚಿತ್ರವನ್ನು ತಯಾರಿಸುವವನೇ ಅದನ್ನು ತೋರಿಸುವ ಮನೆಯ ಒಡೆಯನೂ ಆಗಿದ್ದ ಕಾಲವದು. ಅಲ್ಲಿಂದ ಉತ್ತರಕ್ಕೆ ಸ್ವಲ್ಪ ನಡೆದರೆ ಕಂಪ್ಯೂಟರಿನ ಬಿಡಿಭಾಗಗಳಿಗೆ ಹೆಸರಾದ ಚಾಂದನಿಯ ಪೇಟೆ ಸಿಗುತ್ತದೆ.

2025ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಗ್ರಂಥಾಲಯದ ಕೆಲಸಕ್ಕಾಗಿ ಆ ನಗರಕ್ಕೆ ಹೋಗಿದ್ದಾಗ ನಾವು ಈ ಪೇಟೆಗೆ ಕಾಲಿಟ್ಟದ್ದು ನಮ್ಮ ತಮ್ಮನ ಮಗಳ ಒತ್ತಾಯದಿಂದ. ಅವಳು ಅಲ್ಲಿಯೇ ಹುಟ್ಟಿ ಬೆಳೆದವಳು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಬಂಗಾಳಿ. ಎರಡು ವರ್ಷ ಒಂದು ತರಬೇತಿ ಕೇಂದ್ರದಲ್ಲಿ ಅನಿಮೇಷನ್ ಕಲಿತು, ಕೊನೆಯ ಪರೀಕ್ಷೆಗೆಂದು ಗೋವಿನ ಹಾಡಿನ ಕಥೆಯನ್ನು ಮೂರು ನಿಮಿಷದ ಚಿತ್ರವಾಗಿ ಮಾಡಿದ್ದಳು. ವ್ಯಾಸಂಗ ಮುಗಿದ ಕೆಲ ತಿಂಗಳಿಗೆ ವಿದ್ಯಾರ್ಥಿ ಪರವಾನಗಿಯ ಅವಧಿಯೂ ಮುಗಿಯಿತು. ಆಮೇಲೆ ಅವಳ ಕಡತಗಳು ಅವಳ ಕಂಪ್ಯೂಟರಿನಲ್ಲಿಯೇ ಇದ್ದರೂ ತೆರೆಯಲಿಲ್ಲ. ತೆರೆಯಬೇಕಾದರೆ ತಂತ್ರಾಂಶದ ವಾರ್ಷಿಕ ಚಂದಾ ಕಟ್ಟಬೇಕು. ಅದೋ ಅವಳಿಗೆ ಸಿಗಬಹುದಾದ ಮೊದಲ ಸಂಬಳದ ಹಲವು ತಿಂಗಳಿಗೆ ಸಮ. “ದೊಡ್ಡಪ್ಪ, ಪುಣ್ಯಕೋಟಿ ನನ್ನದೇ. ಆದರೆ ಅವಳನ್ನು ಕಟ್ಟಿಹಾಕಿರೋ ಕೊಟ್ಟಿಗೆ ನನ್ನದಲ್ಲ” ಎಂದಳು. ಈಗ ಅವಳು ಬ್ಲೆಂಡರ್ ಎಂಬ ಮುಕ್ತ ತಂತ್ರಾಂಶದಲ್ಲಿ ಇಡೀ ಚಿತ್ರವನ್ನು ಮೊದಲಿನಿಂದ ಕಟ್ಟುತ್ತಿದ್ದಾಳೆ. ಚಾಂದನಿಗೆ ಬಂದದ್ದು ಅದಕ್ಕೆ ಬೇಕಾದ ಹಳೆಯ ಗ್ರಾಫಿಕ್ಸ್ ಕಾರ್ಡೊಂದನ್ನು ಕೊಳ್ಳಲು.

ಪ್ರಾಚೀನ ಸಾಹಿತ್ಯದ ಅಭ್ಯಾಸಿಗಳಾದ ನಾವು ಈ ವಿಷಯಕ್ಕೆ ಕೈಹಾಕುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಆದರೆ ಕೃತಿ, ಪ್ರತಿ, ಪಾಠ, ಒಡೆತನ ಇವುಗಳ ಪ್ರಶ್ನೆ ನಮ್ಮ ಶಾಸ್ತ್ರಕ್ಕೆ ಹೊಸದಲ್ಲ. ಹೊರನಾಡಿನಲ್ಲಿ ಕನ್ನಡದ ಕೆಲಸ ಮಾಡುತ್ತಿರುವ ಸಂಶೋಧಕರಿಗಂತೂ ಇದು ದಿನನಿತ್ಯದ ಪ್ರಶ್ನೆ. ಮುಕ್ತ ತಂತ್ರಾಂಶಗಳು ಉದ್ಯಮದ ಪ್ರತಿಷ್ಠಿತ ಉಪಕರಣಗಳೊಡನೆ ನಡೆಸುತ್ತಿರುವ ಸ್ಪರ್ಧೆಯನ್ನು ಸಾಮಾನ್ಯವಾಗಿ ಬೆಲೆಯ ಸ್ಪರ್ಧೆಯೆಂದು ವರ್ಣಿಸಲಾಗುತ್ತದೆ. ಈ ವರ್ಣನೆ ತಪ್ಪುದಾರಿಗೆಳೆಯುವಂಥದು ಎಂಬುದು ನಮ್ಮ ಅಭಿಪ್ರಾಯ.

2

ಮೊದಲು ಮಾತಿನ ವಿಚಾರ. ಇಂಗ್ಲಿಷಿನ ‘ಫ್ರೀ’ ಎಂಬ ಒಂದೇ ಪದಕ್ಕೆ ನಮ್ಮಲ್ಲಿ ‘ಉಚಿತ’, ‘ಮುಕ್ತ’ ಎಂಬ ಎರಡು ಪದಗಳು ಬಳಕೆಗೆ ಬಂದಿರುವುದು ಒಂದು ಅನುಕೂಲ. ಅದನ್ನು ನಾವು ಬಳಸಿಕೊಳ್ಳುತ್ತಿಲ್ಲ. ‘ಉಚಿತ’ಕ್ಕೆ ಹಳಗನ್ನಡದಲ್ಲಿ ಯೋಗ್ಯ, ತಕ್ಕದ್ದು ಎಂದೇ ಅರ್ಥ, ಔಚಿತ್ಯವೆಂಬ ಕಾವ್ಯಮೀಮಾಂಸೆಯ ಪರಿಭಾಷೆ ಅದರಿಂದಲೇ ಹುಟ್ಟಿದ್ದು. ಬೆಲೆಯಿಲ್ಲದ್ದು ಎಂಬ ಅರ್ಥ ಈಚಿನದು. ಈ ಈಚಿನ ಅರ್ಥದಲ್ಲಿ ಉಚಿತವಾದ ತಂತ್ರಾಂಶಗಳು ಬೇಕಾದಷ್ಟಿವೆ. ವಿದ್ಯಾರ್ಥಿಗಳಿಗೆ ವರ್ಷದ ಮಟ್ಟಿಗೆ ಕೊಡುವ ಪರವಾನಗಿಯೂ ಉಚಿತವೇ. ಅದು ಮುಕ್ತವಲ್ಲ ಎಂಬುದು ಅವಧಿ ಮುಗಿದ ಮಾರನೆಯ ದಿನ ತಿಳಿಯುತ್ತದೆ.

ಇಲ್ಲಿ ನಮ್ಮ ಪರಂಪರೆಯ ಎರಡು ನಿದರ್ಶನಗಳು ನೆನಪಾಗುತ್ತವೆ. ದಾನಚಿಂತಾಮಣಿ ಅತ್ತಿಮಬ್ಬೆ ಹತ್ತನೆಯ ಶತಮಾನದಲ್ಲಿ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳೆಂಬುದು ಪ್ರಸಿದ್ಧ. ಇದಕ್ಕೆ ವಿರುದ್ಧವಾದುದು ಮೂಡಬಿದಿರೆಯ ಕಥೆ. ಧವಲ, ಜಯಧವಲ, ಮಹಾಧವಲಗಳೆಂಬ ಸಿದ್ಧಾಂತ ಗ್ರಂಥಗಳ ಓಲೆಪ್ರತಿಗಳು ಹಳಗನ್ನಡ ಲಿಪಿಯಲ್ಲಿ ಅಲ್ಲಿನ ಬಸದಿಯೊಂದರಲ್ಲೇ ಉಳಿದುಕೊಂಡಿದ್ದವು. ಶತಮಾನಗಳ ಕಾಲ ಅವು ದರ್ಶನಕ್ಕೆ ಇದ್ದವೇ ಹೊರತು ಓದಿಗಲ್ಲ. ಧವಲ ಟೀಕೆಯೊಡನೆ ‘ಷಟ್ಖಂಡಾಗಮ’ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಅಚ್ಚಾಗತೊಡಗಿದ್ದು 1939ರಲ್ಲಿ. ಗ್ರಂಥವನ್ನು ಕಾಪಾಡಿದವರು ಯಾರೋ ಅವರೇ ಅದನ್ನು ಮುಚ್ಚಿಟ್ಟವರೂ ಹೌದು. ಮುಚ್ಚಿಡದಿದ್ದರೆ ಉಳಿಯುತ್ತಿತ್ತೇ ಎಂದು ಕೇಳುವವರಿದ್ದಾರೆ. ಆ ಪ್ರಶ್ನೆಯನ್ನು ನಾವು ಹಗುರವಾಗಿ ತಳ್ಳಿಹಾಕುವುದಿಲ್ಲ.

ಆದರೂ ಮುಕ್ತ ತಂತ್ರಾಂಶ ಅತ್ತಿಮಬ್ಬೆಯ ದಾನವಲ್ಲ. ಶಾಸ್ತ್ರದಾನದಲ್ಲಿ ಪ್ರತಿಯನ್ನು ಪಡೆದವನಿಗೆ ಓದುವ ಪುಣ್ಯವಿದೆ, ತಿದ್ದುವ ಅಧಿಕಾರವಿಲ್ಲ. ಲಿಪಿಕಾರ ತಿದ್ದಿದ್ದರೆ ಅದು ಅವನ ಪ್ರಮಾದ. ನಾವು ಗ್ರಂಥಸಂಪಾದಕರು ಅಂಥ ತಿದ್ದುಗಳನ್ನು ಅಡಿಟಿಪ್ಪಣಿಗೆ ಇಳಿಸುವುದರಲ್ಲೇ ಆಯುಷ್ಯ ಕಳೆದವರು. ಬ್ಲೆಂಡರಿಗೆ ಅನ್ವಯವಾಗುವ ಜಿಎನ್‌ಯು ಜನರಲ್ ಪಬ್ಲಿಕ್ ಲೈಸೆನ್ಸ್ ಎಂಬ ಪರವಾನಗಿಯ ಕರಾರು ಬೇರೆ ತೆರನಾದುದು. ಉಪಕರಣವನ್ನು ಯಾವ ಉದ್ದೇಶಕ್ಕಾದರೂ ಬಳಸಬಹುದು, ಅದರ ಆಕರ ಸಂಕೇತವನ್ನು ಓದಬಹುದು, ತಿದ್ದಬಹುದು, ಹಂಚಬಹುದು. ತಿದ್ದಿದ್ದನ್ನು ಹಂಚುವವನು ಆಕರವನ್ನೂ ಜೊತೆಗೆ ಕೊಟ್ಟು, ಅದೇ ಹಕ್ಕನ್ನು ಮುಂದಿನವನಿಗೂ ದಾಟಿಸಬೇಕು. ಎಂದರೆ ಇಲ್ಲಿ ಪಾಠಾಂತರ ದೋಷವಲ್ಲ, ಕರಾರಿನ ಭಾಗ. ಹಾಗೆಂದು ಅರಾಜಕತೆಯೂ ಇಲ್ಲ. ಯಾರು ಏನನ್ನು ಬರೆದು ಕಳಿಸಿದರೂ ಮೂಲ ಪಾಠಕ್ಕೆ ಸೇರಿಸಿಕೊಳ್ಳುವ ತೀರ್ಮಾನ ಆಮ್‌ಸ್ಟರ್‌ಡಾಮಿನಲ್ಲಿ ಕೇಂದ್ರವಿರುವ ಬ್ಲೆಂಡರ್ ಪ್ರತಿಷ್ಠಾನದ ಸುತ್ತಲಿನ ಅನುಭವಿಗಳದು. ನಿರಂತರವಾಗಿ ಪರಿಷ್ಕರಣಗೊಳ್ಳುತ್ತಿರುವ ಒಂದು ಶಾಸ್ತ್ರೀಯ ಆವೃತ್ತಿಯೆಂದು ಇದನ್ನು ಭಾವಿಸಿದರೆ ನಮ್ಮ ಓದುಗರಿಗೆ ಸುಲಭವಾದೀತು.

ಈ ಆವೃತ್ತಿಯ ಬಿಡುಗಡೆಯ ಇತಿಹಾಸವೂ ಸ್ವಾರಸ್ಯಕರ. ಡಚ್ ದೇಶದ ಟಾನ್ ರೂಸೆಂಡಾಲ್ ತಮ್ಮ ಸ್ಟುಡಿಯೊದ ಒಳಬಳಕೆಗೆಂದು 1990ರ ದಶಕದಲ್ಲಿ ಈ ಉಪಕರಣವನ್ನು ರೂಪಿಸಿದರು. ಅದನ್ನು ಮಾರಲು ಹುಟ್ಟಿಕೊಂಡ ಕಂಪನಿ 2002ರಲ್ಲಿ ಮುಚ್ಚಿತು. ಹೂಡಿಕೆದಾರರು ಹಕ್ಕನ್ನು ಬಿಟ್ಟುಕೊಡಲು ಒಂದು ಲಕ್ಷ ಯೂರೊ ಕೇಳಿದರು. ಬಳಕೆದಾರರು ಏಳು ವಾರಗಳಲ್ಲಿ ಅಷ್ಟನ್ನು ಕೂಡಿಸಿದರು. 2002ರ ಅಕ್ಟೋಬರ್ 13ರಂದು ಆಕರ ಸಂಕೇತ ಬಹಿರಂಗವಾಯಿತು. ‘ಉಚಿತ’ವೆಂದು ಕರೆಸಿಕೊಳ್ಳುವ ವಸ್ತು ಹಣಕ್ಕೆ ಕೊಂಡು ಬಿಡಿಸಿದ್ದು ಎಂಬುದನ್ನು ಮರೆಯಬಾರದು.

3

ಇನ್ನು ‘ಉದ್ಯಮದ ಮಾನಕ’ ಎಂಬ ಮಾತು. ಮೂರು ಆಯಾಮದ ಅನಿಮೇಷನ್ನಿನಲ್ಲಿ ಹೀಗೆ ಕರೆಸಿಕೊಳ್ಳುವುದು ಮುಖ್ಯವಾಗಿ ಆಟೊಡೆಸ್ಕ್ ಕಂಪನಿಯ ಮಾಯಾ. ಅದು ಮೊದಲು ಹೊರಬಂದದ್ದು 1998ರಲ್ಲಿ, ಬೇರೊಂದು ಕಂಪನಿಯಿಂದ. ಎರಡು ಆಯಾಮದ ಚಿತ್ರಗಳಲ್ಲಿ ಟೂನ್ ಬೂಮ್ ಹಾರ್ಮನಿಗೆ ಆ ಸ್ಥಾನವಿದೆ.

‘ಮಾನ’ವೆಂಬುದಕ್ಕೆ ಅಳತೆ, ಮರ್ಯಾದೆ ಎಂಬ ಎರಡು ಅರ್ಥಗಳಿರುವುದು ಇಲ್ಲಿ ಸಾರ್ಥಕವಾಗಿದೆ. ನಮ್ಮ ಶಾಸನಗಳಲ್ಲಿ ಭೂಮಿಯನ್ನು ಅಳೆದುಕೊಡುವಾಗ ಯಾವ ಗಳೆಯಿಂದ ಅಳೆದದ್ದು ಎಂದು ಹೇಳುವ ವಾಡಿಕೆಯಿದೆ; ಬಳ್ಳಿಗಾವೆಯ ಕಡೆಯ ಭೇರುಂಡ ಗಳೆ ಸುಪರಿಚಿತ. ದೇವಾಲಯದ ಗೋಡೆಯ ಮೇಲೆ ಅಳತೆಗೋಲಿನ ಉದ್ದವನ್ನು ಕೆತ್ತಿಡುವ ಪದ್ಧತಿಯೂ ದಕ್ಷಿಣ ಭಾರತದಲ್ಲಿತ್ತು. ಸಂಶಯ ಬಂದ ಒಕ್ಕಲಿಗ ತನ್ನ ಕೋಲನ್ನು ತಂದು ಆ ಕಲ್ಲಿಗೆ ಹಿಡಿದು ನೋಡಬಹುದಾಗಿತ್ತು. ಮಾನ ಒಬ್ಬ ಅರಸನದ್ದಾದರೂ ಪರೀಕ್ಷೆ ಎಲ್ಲರದೂ ಆಗಿತ್ತು. ಮಾಯಾದಂಥ ಉಪಕರಣದ ಮಾನದಲ್ಲಿ ಈ ಎರಡನೆಯ ಗುಣವಿಲ್ಲ. ಅದು ವ್ಯಾಪಕವಾದ ರೂಢಿಯೇ ಹೊರತು, ಗೋಡೆಯ ಮೇಲೆ ಕೆತ್ತಿದ ಅಳತೆಯಲ್ಲ.

ಪರೀಕ್ಷೆಗೆ ಸಿಗದ ಮಾನಕ್ಕೆ ಒದಗುವ ಗತಿಗೆ ಸಾಫ್ಟ್‌ಇಮೇಜ್ ಎಂಬ ಉಪಕರಣ ಸಾಕ್ಷಿ. ಮಾಂಟ್ರಿಯಲ್‌ನಲ್ಲಿ 1986ರಲ್ಲಿ ಆರಂಭವಾದ ಕಂಪನಿಯದು. 1993ರ ‘ಜುರಾಸಿಕ್ ಪಾರ್ಕ್’ ಚಿತ್ರದ ಪ್ರಾಣಿಗಳ ಚಲನೆಗೆ ಅದನ್ನು ಬಳಸಲಾಗಿತ್ತು. 1994ರಲ್ಲಿ ಮೈಕ್ರೊಸಾಫ್ಟ್, 1998ರಲ್ಲಿ ಆವಿಡ್, 2008ರಲ್ಲಿ ಆಟೊಡೆಸ್ಕ್ ಹೀಗೆ ಕೈಯಿಂದ ಕೈಗೆ ಸಾಗಿತು. 2014ರಲ್ಲಿ ಆಟೊಡೆಸ್ಕ್ ಅದರ ಮುಂದಿನ ಆವೃತ್ತಿಯೇ ಕೊನೆಯದೆಂದು ಸಾರಿತು. ಉಪಕರಣ ಕೆಟ್ಟಿರಲಿಲ್ಲ, ಬಳಸುವವರೂ ಇದ್ದರು. ಒಡೆಯನಲ್ಲಿ ಅದೇ ಜಾತಿಯ ಇನ್ನೆರಡು ಉಪಕರಣಗಳಿದ್ದವು, ಅಷ್ಟೆ. ಇಪ್ಪತ್ತು ವರ್ಷ ಅದರಲ್ಲಿ ಕೈ ಪಳಗಿಸಿಕೊಂಡವರ ವಿದ್ಯೆ ಒಂದು ಪ್ರಕಟಣೆಯಿಂದ ಹಳತಾಯಿತು.

ಮಧ್ಯಕಾಲೀನ ಸಾಹಿತ್ಯದ ವಿದ್ಯಾರ್ಥಿಗಳು ಇಲ್ಲಿ ಮಾರ್ಗ-ದೇಸಿಗಳ ಹೋಲಿಕೆಯನ್ನು ತರಲು ಆತುರಪಟ್ಟಾರು: ಚಂಪುವಿನ ಎದುರು ಹರಿಹರನ ರಗಳೆ, ರಾಘವಾಂಕನ ಷಟ್ಪದಿ, ಉದ್ಯಮದ ಉಪಕರಣದ ಎದುರು ಮುಕ್ತ ಉಪಕರಣ. ನಾವೂ ಒಮ್ಮೆ ಹಾಗೆ ಯೋಚಿಸಿ ಬಿಟ್ಟೆವು. ಹೋಲಿಕೆ ನಿಲ್ಲುವುದಿಲ್ಲ. ರಗಳೆಗೆ ಒಡೆಯನಿರಲಿಲ್ಲ, ಚಂಪುವಿಗೂ ಇರಲಿಲ್ಲ. ಪಂಪನಿಗೆ ಆಶ್ರಯ ಕೊಟ್ಟ ಅರಿಕೇಸರಿ ಕವಿಗೆ ಅಗ್ರಹಾರವನ್ನು ಕೊಡಬಹುದಿತ್ತು, ಕೊಡದಿರಬಹುದಿತ್ತು. ಕಂದಪದ್ಯವನ್ನು ಹಿಂದಕ್ಕೆ ಕೇಳುವ ಶಕ್ತಿ ಅವನಿಗಿರಲಿಲ್ಲ. ಕವಿಯ ಕೈಯಿಂದ ಛಂದಸ್ಸನ್ನೇ ಕಿತ್ತುಕೊಳ್ಳಬಲ್ಲ ಒಡೆತನವನ್ನು ನಮ್ಮ ಅಲಂಕಾರಶಾಸ್ತ್ರ ಕಲ್ಪಿಸಿಯೇ ಇಲ್ಲ. ಬಾಡಿಗೆಯ ಉಪಕರಣದ ಸಮಸ್ಯೆ ಎದುರಾದಾಗ ನಮಗೆ ತಕ್ಕ ಪರಿಭಾಷೆ ಸಿಗದಿರುವುದಕ್ಕೆ ಇದೇ ಕಾರಣವಿರಬೇಕು. ಈ ಬಾಡಿಗೆಯ ಪದ್ಧತಿಯೂ ಹಳೆಯದಲ್ಲ. ಅಡೋಬಿ 2013ರಿಂದ, ಆಟೊಡೆಸ್ಕ್ 2016ರಿಂದ ಶಾಶ್ವತ ಪರವಾನಗಿಯ ಮಾರಾಟದಿಂದ ಚಂದಾ ಪದ್ಧತಿಗೆ ಸರಿದವು.

ಹಾಗಾದರೆ ಸ್ಟುಡಿಯೊಗಳು ಮಾಯಾವನ್ನೇ ಏಕೆ ಹಿಡಿದುಕೊಂಡಿವೆ? ಮೂರ್ಖತನದಿಂದಲ್ಲ. ದೊಡ್ಡ ಚಿತ್ರವೊಂದರಲ್ಲಿ ನೂರಾರು ಜನ ಒಂದೇ ಕಡತದ ಬೇರೆ ಬೇರೆ ಪದರಗಳ ಮೇಲೆ ದುಡಿಯುತ್ತಾರೆ. ಪಾತ್ರದ ಅಸ್ಥಿಪಂಜರ ಒಬ್ಬರದು, ಚಲನೆ ಇನ್ನೊಬ್ಬರದು, ಬೆಳಕು ಮತ್ತೊಬ್ಬರದು. ಇವನ್ನು ಹೊಂದಿಸಲು ಪ್ರತಿ ಸ್ಟುಡಿಯೊ ವರ್ಷಗಳಿಂದ ಬರೆದುಕೊಂಡ ಒಳಗಿನ ಕ್ರಮವಿಧಿಗಳು ಆ ಉಪಕರಣಕ್ಕೆ ಅಂಟಿಕೊಂಡಿವೆ. ಬೆಂಗಳೂರಿನಂಥ ಊರಿನ ಸ್ಟುಡಿಯೊಗಳು ಬಹುಮಟ್ಟಿಗೆ ಹೊರದೇಶದ ಚಿತ್ರಗಳ ಗುತ್ತಿಗೆ ಕೆಲಸವನ್ನು ಮಾಡಿದವು. ಉಪಕರಣವನ್ನು ನಿರ್ಧರಿಸುವವನು ಗಿರಾಕಿ. ಇದಕ್ಕೆ ಇನ್ನೊಂದು ಕಾರಣವನ್ನೂ ಸೇರಿಸಬೇಕು, ಅದನ್ನು ಯಾರೂ ಬಹಿರಂಗವಾಗಿ ಹೇಳುವುದಿಲ್ಲ. ಎರಡು-ಮೂರು ದಶಕಗಳ ಹಿಂದೆ ನಮ್ಮ ದೇಶದ ಅನೇಕ ನಗರಗಳ ಪೇಟೆಗಳಲ್ಲಿ ಲಕ್ಷಗಟ್ಟಲೆ ಬೆಲೆಯ ತಂತ್ರಾಂಶದ ಕಳ್ಳಪ್ರತಿ ನೂರು-ಇನ್ನೂರು ರೂಪಾಯಿಗೆ ಸಿಗುತ್ತಿತ್ತು. ಒಂದು ತಲೆಮಾರು ಕಲಿತದ್ದು ಅದರ ಮೇಲೆ. ಕಲಿತವರು ಕೆಲಸಕ್ಕೆ ಸೇರಿದಾಗ ಸ್ಟುಡಿಯೊ ನಿಜವಾದ ಪರವಾನಗಿಯನ್ನು ಕೊಂಡಿತು. ಕಳ್ಳಪ್ರತಿಯಿಂದ ಒಡೆಯನಿಗೆ ನಷ್ಟವಾಯಿತೆನ್ನುವುದು ಅರ್ಧಸತ್ಯ. ಅವನ ಮಾನಕವನ್ನು ಇಲ್ಲಿ ಊರಿಕೊಟ್ಟದ್ದೂ ಅದೇ. ಆ ಕಾಲದಲ್ಲಿ ಮುಕ್ತ ಉಪಕರಣಕ್ಕೆ ನಿಜವಾದ ಪ್ರತಿಸ್ಪರ್ಧಿಯಾಗಿದ್ದದ್ದು ದುಬಾರಿ ಉಪಕರಣವಲ್ಲ, ಕದ್ದ ಉಪಕರಣ.

ಉದ್ಯಮವನ್ನು ಒಂದೇ ಬಣ್ಣದಲ್ಲಿ ಚಿತ್ರಿಸುವುದೂ ಸಲ್ಲದು. ಹಾಲಿವುಡ್ಡಿನ ಸ್ಟುಡಿಯೊಗಳೇ ತಮ್ಮ ಒಳಗಿನ ಸಾಧನಗಳನ್ನು ಬಹಿರಂಗಪಡಿಸಿವೆ: ಲ್ಯೂಕಸ್‌ಫಿಲ್ಮಿನ ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್ 2003ರಲ್ಲಿ ಓಪನ್‌ಇಎಕ್ಸ್‌ಆರ್ ಎಂಬ ಚಿತ್ರಸ್ವರೂಪವನ್ನೂ, ಪಿಕ್ಸಾರ್ 2016ರಲ್ಲಿ ದೃಶ್ಯಗಳನ್ನು ಒಂದು ಉಪಕರಣದಿಂದ ಇನ್ನೊಂದಕ್ಕೆ ದಾಟಿಸುವ ಯುಎಸ್‌ಡಿ ಎಂಬ ಸ್ವರೂಪವನ್ನೂ ಬಿಟ್ಟುಕೊಟ್ಟವು. ಜಪಾನಿನ ಜಿಬ್ಲಿ ಸ್ಟುಡಿಯೊ ಬಳಸುತ್ತಿದ್ದ ಟೂನ್ಸ್ ಎಂಬ ಉಪಕರಣ 2016ರಲ್ಲಿ ಓಪನ್‌ಟೂನ್ಸ್ ಆಗಿ ಹೊರಬಂದಿತು. ಬ್ಲೆಂಡರಿಗೂ ದೊಡ್ಡ ಕಂಪನಿಗಳ ಆಶ್ರಯವುಂಟು. 2019ರಲ್ಲಿ ಎಪಿಕ್ ಗೇಮ್ಸ್ ಹನ್ನೆರಡು ಲಕ್ಷ ಡಾಲರ್ ಕೊಟ್ಟಿತು. ಆಶ್ರಯದಾತರು ಇದ್ದಲ್ಲಿ ಅವರ ಅಭಿರುಚಿಯೂ ಕೃತಿಯೊಳಗೆ ಬರುತ್ತದೆಂಬುದನ್ನು ಪಂಪನ ಓದುಗರಿಗೆ ಹೇಳಬೇಕಾಗಿಲ್ಲ.

4

ಉಪಕರಣದ ಬೆಲೆ ಕೊನೆಗೆ ಕೃತಿಯಲ್ಲಿ ನಿಶ್ಚಯವಾಗಬೇಕು. ಬ್ಲೆಂಡರ್ ಪ್ರತಿಷ್ಠಾನ ತಾನೇ ತಯಾರಿಸಿ, ಕಡತಗಳ ಸಮೇತ ಬಹಿರಂಗಪಡಿಸಿದ ‘ಎಲಿಫೆಂಟ್ಸ್ ಡ್ರೀಮ್’ (2006), ‘ಬಿಗ್ ಬಕ್ ಬನ್ನಿ’ (2008), ‘ಸಿಂಟೆಲ್’ (2010) ಮೊದಲಾದ ಕಿರುಚಿತ್ರಗಳನ್ನು ನಾವು ಸಾವಕಾಶವಾಗಿ ನೋಡಿದೆವು. ಇವು ಬಹುಮಟ್ಟಿಗೆ ಲಕ್ಷಣಗ್ರಂಥಗಳ ಉದಾಹರಣ ಪದ್ಯಗಳಂತಿವೆ. ಲಕ್ಷಣವನ್ನು ತೋರಿಸುವ ಉತ್ಸಾಹ ಮುಂದೆ, ಭಾವ ಹಿಂದೆ. ಮೊದಲನೆಯದರಲ್ಲಿ ಇಬ್ಬರು ಮನುಷ್ಯರು ಒಂದು ಮಹಾಯಂತ್ರದೊಳಗೆ ಅಲೆಯುತ್ತಾರೆ. ನೋಡುಗನ ಮನಸ್ಸಿನಲ್ಲಿ ಉಳಿಯುವುದು ಯಂತ್ರ ಮಾತ್ರ. ‘ಸಿಂಟೆಲ್’ ಇದಕ್ಕೆ ಅಪವಾದ. ಕಳೆದುಹೋದ ಮರಿಯನ್ನು ಅರಸಿ ಹೊರಟ ಹುಡುಗಿಗೆ ಅರಸುವಿಕೆಯಲ್ಲೇ ಎಷ್ಟು ಕಾಲ ಸರಿಯಿತೆಂಬ ಅರಿವು ತಡವಾಗಿ ಆಗುವ ಕೊನೆಯ ಸನ್ನಿವೇಶ ಉಪಕರಣವನ್ನು ಮರೆಸುತ್ತದೆ.

ವಾಣಿಜ್ಯ ಚಿತ್ರಗಳ ಕಡೆಯಿಂದ ಎರಡು ಭಿನ್ನ ಉದಾಹರಣೆಗಳಿವೆ. ಟ್ಯಾಂಜೆಂಟ್ ಎಂಬ ಕೆನಡಾದ ಸ್ಟುಡಿಯೊ ಬ್ಲೆಂಡರಿನಲ್ಲಿ ಮಾಡಿದ ‘ನೆಕ್ಸ್ಟ್ ಜೆನ್’ (2018) ದೊಡ್ಡ ಸ್ಟುಡಿಯೊಗಳ ಚಿತ್ರದಂತೆಯೇ ಕಾಣುತ್ತದೆ. ಅದರ ಗುಣವೂ ಮಿತಿಯೂ ಅದೇ. 2021ರಲ್ಲಿ ಆ ಸ್ಟುಡಿಯೊ ಮುಚ್ಚಿತು. ಉಪಕರಣ ಮುಕ್ತವಾದ ಮಾತ್ರಕ್ಕೆ ಸಂಸ್ಥೆ ಬದುಕುವುದಿಲ್ಲ. ಇನ್ನೊಂದು, ಜೆರೆಮಿ ಕ್ಲಾಪಿನ್ನರ ಫ್ರೆಂಚ್ ಚಿತ್ರ ‘ಐ ಲಾಸ್ಟ್ ಮೈ ಬಾಡಿ’ (2019). ಮೂರು ಆಯಾಮದ ಆಕೃತಿಯ ಮೇಲೆಯೇ ಕೈಗೆರೆಯನ್ನು ಎಳೆಯುವ ಬ್ಲೆಂಡರಿನ ಸೌಲಭ್ಯವನ್ನು ಅದು ಬಳಸಿಕೊಂಡಿತು. ದೇಹದಿಂದ ಬೇರೆಯಾದ ಕೈಯೊಂದು ತನ್ನ ಒಡಲನ್ನು ಹುಡುಕುವ ಕಥೆಗೆ ಆ ನಡುಗುವ ಗೆರೆ ತಕ್ಕುದಾಗಿದೆ. ಹಳೆಯ ಅರ್ಥದಲ್ಲಿ ‘ಉಚಿತ’ವಾಗಿದೆ.

ಈ ದೀರ್ಘ ಸ್ಪರ್ಧೆಯಲ್ಲಿ ಎಲ್ಲರ ಗಮನ ಸೆಳೆದದ್ದು ಲಾಟ್ವಿಯಾದ ಗಿಂಟ್ಸ್ ಜಿಲ್ಬಲೋಡಿಸ್ ನಿರ್ದೇಶಿಸಿದ ‘ಫ್ಲೋ’. 2024ರ ಮೇ ತಿಂಗಳಲ್ಲಿ ಕಾನ್ ಉತ್ಸವದಲ್ಲಿ ಮೊದಲು ತೆರೆಕಂಡ ಈ ಚಿತ್ರ 2025ರ ಮಾರ್ಚ್ 2ರಂದು ಅತ್ಯುತ್ತಮ ಅನಿಮೇಷನ್ ಚಿತ್ರದ ಆಸ್ಕರ್ ಪ್ರಶಸ್ತಿ ಪಡೆಯಿತು. ಎದುರಿಗೆ ಪಿಕ್ಸಾರಿನ ‘ಇನ್‌ಸೈಡ್ ಔಟ್ 2’, ಡ್ರೀಮ್‌ವರ್ಕ್ಸಿನ ‘ದಿ ವೈಲ್ಡ್ ರೋಬಾಟ್’ ಇದ್ದವು. ‘ಫ್ಲೋ’ದ ವೆಚ್ಚ ಸುಮಾರು 35 ಲಕ್ಷ ಯೂರೊ, ಪಿಕ್ಸಾರ್ ಚಿತ್ರದ್ದು ಸುಮಾರು 20 ಕೋಟಿ ಡಾಲರ್. ಪತ್ರಿಕೆಗಳು ‘ಬಿಟ್ಟಿ ತಂತ್ರಾಂಶದಲ್ಲಿ ಮಾಡಿದ ಚಿತ್ರ’ವೆಂದು ಸಂಭ್ರಮಿಸಿದವು. 35 ಲಕ್ಷ ಯೂರೊ ಎಂದರೆ ನಮ್ಮ ಲೆಕ್ಕದಲ್ಲಿ 30 ಕೋಟಿ ರೂಪಾಯಿಗೂ ಹೆಚ್ಚು. ಬಿಟ್ಟಿ ಎಂಬ ಮಾತಿಗೆ ಅಲ್ಲಿ ಎಡೆಯೇ ಇಲ್ಲ. ಆ ಹಣ ಮೂರು ದೇಶಗಳ ಕಲಾವಿದರ ಸಂಬಳಕ್ಕೆ ಹೋಯಿತು, ಹೋಗಬೇಕಾದದ್ದೂ ಅಲ್ಲಿಗೇ.

ನಿರ್ದೇಶಕರು ತಮ್ಮ ಹಿಂದಿನ ಚಿತ್ರ ‘ಅವೇ’ಯನ್ನು (2019) ಒಬ್ಬರೇ ಮಾಯಾದಲ್ಲಿ ಮಾಡಿ, ಅನಂತರ ಬ್ಲೆಂಡರಿಗೆ ಬಂದವರು. ಅವರನ್ನು ಸೆಳೆದದ್ದು ಈವೀ ಎಂಬ ಚಿತ್ರಣಯಂತ್ರ. ಬೆಳಕಿನ ಪ್ರತಿ ಕಿರಣವನ್ನೂ ಲೆಕ್ಕಹಾಕದೆ, ಆಟಗಳಲ್ಲಿರುವಂತೆ ಒಡನೆಯೇ ಚಿತ್ರವನ್ನು ಮೂಡಿಸುವ ವಿಧಾನ ಅದರದು. ದೊಡ್ಡ ಸ್ಟುಡಿಯೊಗಳಲ್ಲಿ ಒಂದು ಚೌಕಟ್ಟಿಗೆ ಗಂಟೆಗಟ್ಟಲೆ ಕಂಪ್ಯೂಟರುಗಳ ಸಾಲು ದುಡಿದರೆ, ಇಲ್ಲಿ ನಿರ್ದೇಶಕರ ಒಂದೇ ಕಂಪ್ಯೂಟರಿನಲ್ಲಿ ಕೆಲವೇ ಸೆಕೆಂಡುಗಳು ಸಾಕಾದವು. ಇದರ ಫಲ ಉಳಿತಾಯ ಮಾತ್ರವಲ್ಲ. ಬೆಳಕನ್ನೂ ಕ್ಯಾಮೆರಾವನ್ನೂ ಅಲ್ಲಿಯೇ ಬದಲಿಸಿ ನೋಡುವ ಅವಕಾಶವಿದ್ದುದರಿಂದ ಅವರು ಕಥಾಚಿತ್ರಪಟಗಳನ್ನು ಬರೆದುಕೊಳ್ಳದೆ, ಆ ಲೋಕದೊಳಗೆ ಕ್ಯಾಮೆರಾ ಹಿಡಿದು ಅಲೆದರು. ಏರುತ್ತಿರುವ ನೀರಿನ ನಡುವೆ ಬೆಕ್ಕಿನ ಬೆನ್ನು ಹತ್ತಿ, ಕತ್ತರಿಯಿಲ್ಲದೆ ನಿಮಿಷಗಟ್ಟಲೆ ಸಾಗುವ ದೃಶ್ಯಗಳು ಈ ಅಲೆದಾಟದ ಫಲ. ಬೆಕ್ಕಿನ ಮೈಮೇಲೆ ಒಂದೊಂದು ಕೂದಲೂ ಎಣಿಸುವಂತಿಲ್ಲ. ಬಣ್ಣದ ಕುಂಚ ಎಳೆದಂತಿದೆ. ನಾಯಿಗಳ ಮೈ ಕೆಲವೆಡೆ ಅಪೂರ್ಣವೆನಿಸುವುದೂ ಉಂಟು. ಪರಿಷ್ಕಾರದ ಕೊರತೆಯೆಂದು ಇದನ್ನು ಹಳಿಯುವವರೊಡನೆ ನಾವು ಪೂರ್ಣವಾಗಿ ಜಗಳಕ್ಕೆ ಇಳಿಯುವುದಿಲ್ಲ. ಆದರೆ ನೀರು, ಬೆಳಕು, ಪ್ರಾಣಿಯ ನಡಿಗೆಯ ಭಾರ ಇವು ಅಷ್ಟು ನಿಜವಾಗಿರುವಲ್ಲಿ ಕೂದಲಿನ ಲೆಕ್ಕ ಯಾರಿಗೆ ಬೇಕು?

‘ಫ್ಲೋ’ದಲ್ಲಿ ಮಾತೇ ಇಲ್ಲ. ಇಪ್ಪತ್ತು ಲಕ್ಷಕ್ಕೂ ಕಡಿಮೆ ಜನರ ದೇಶವೊಂದು ಜಗತ್ತಿಗೆ ತಲುಪಿದ್ದು ತನ್ನ ನುಡಿಯನ್ನು ಬದಿಗಿಟ್ಟು. ಇದು ಚಿತ್ರದ ದೋಷವಲ್ಲ, ಅದರ ಉಸಿರೇ ಮೌನ. ಆದರೂ 2011ರ ಜನಗಣತಿಯಂತೆ 4 ಕೋಟಿ 37 ಲಕ್ಷ ಜನ ಮಾತೃಭಾಷೆಯೆಂದು ಬರೆಸಿದ ಕನ್ನಡದವರಾದ ನಾವು ಈ ಮಾದರಿಯನ್ನು ಹಾಗೆಯೇ ಎತ್ತಿಕೊಳ್ಳಲಾರೆವು. ನಮ್ಮ ಗೋವಿನ ಹಾಡು 2020ರಲ್ಲಿ ‘ಪುಣ್ಯಕೋಟಿ’ ಎಂಬ ಪೂರ್ಣಾವಧಿಯ ಅನಿಮೇಷನ್ ಚಿತ್ರವಾಗಿ ಹೊರಬಂದಿತು. ಬೆಂಗಳೂರಿನ ರವಿಶಂಕರ್ ಅವರು ಜನರಿಂದ ಹಣ ಕೂಡಿಸಿ, ಬೇರೆ ಬೇರೆ ಊರುಗಳ ಕಲಾವಿದರಿಂದ ಕೆಲಸ ಮಾಡಿಸಿ ಸಾಧಿಸಿದ್ದು. ಆ ಪರಿಶ್ರಮಕ್ಕೆ ನಮ್ಮ ಗೌರವವಿದೆ. ಆ ಹಸು ಆಡಿದ್ದು ಮಾತ್ರ ಸಂಸ್ಕೃತವನ್ನು.

ಆಸ್ಕರ್ ಸಮಾರಂಭಕ್ಕೆ ಕೆಲವೇ ದಿನಗಳ ಮುಂಚೆ, 2025ರ ಫೆಬ್ರುವರಿ ಕೊನೆಯಲ್ಲಿ, ಟೆಕ್ನಿಕಲರ್ ಸಮೂಹ ಕುಸಿದು ಅದರ ಬೆಂಗಳೂರಿನ ಸ್ಟುಡಿಯೊ ಮುಚ್ಚಿತು. ಉದ್ಯಮದ ಮಾನಕದಲ್ಲಿ ಪಳಗಿದ ದೊಡ್ಡ ಸಂಖ್ಯೆಯ ಕಲಾವಿದರು ಒಮ್ಮೆಲೇ ಕೆಲಸ ಕಳೆದುಕೊಂಡರು. ಕುಸಿತಕ್ಕೆ ಉಪಕರಣ ಕಾರಣವಲ್ಲ. ಆದರೆ ಮನೆಗೆ ಹಿಂದಿರುಗಿದ ಕಲಾವಿದನ ಕೈಯಲ್ಲಿ ಆ ದಿನ ಉಳಿದದ್ದೇನು, ಸ್ಟುಡಿಯೊದ ಪರವಾನಗಿಯ ಹೊರಗೆ ಅವನು ಯಾವುದರಲ್ಲಿ ದುಡಿಯಬಲ್ಲ ಎಂಬ ಪ್ರಶ್ನೆಗೆ ಉಪಕರಣ ಸಂಬಂಧಪಡುತ್ತದೆ.

5

ಎಸ್ಪ್ಲನೇಡಿಗೆ ಹಿಂದಿರುಗೋಣ. ಗ್ರಾಫಿಕ್ಸ್ ಕಾರ್ಡು ಸಿಕ್ಕಿತು. ಮನೆಗೆ ಹೋಗಿ ಜೋಡಿಸಿದ ಮೇಲೆ ಹುಡುಗಿ ತನ್ನ ಚಿತ್ರವನ್ನು ತೋರಿಸಿದಳು. ಹುಲಿ ಇನ್ನೂ ಅರೆಬರೆ. ಹಸುವಿನ ಕಣ್ಣು ಚೆನ್ನಾಗಿತ್ತು. ಆದರೆ ಚಿತ್ರದ ಹೆಸರನ್ನು ತಾನು ಮೊದಲ ಬಾರಿಗೆ ಟೈಪು ಮಾಡಿದಾಗ ಏನು ಕಂಡಿತೆಂದು ಅವಳು ಇಟ್ಟುಕೊಂಡಿದ್ದ ಹಳೆಯ ಪ್ರತಿಯನ್ನು ತೆರೆದಾಗ ನಮಗೆ ನಗುವೂ ಬಂತು, ಬೇಸರವೂ ಆಯಿತು. ‘ಪುಣ್ಯಕೋಟಿ’ಯ ಣಕಾರದ ಪಕ್ಕದಲ್ಲಿ ಹಲಂತ ಚಿಹ್ನೆ ಬಿಡಿಯಾಗಿ ನಿಂತಿತ್ತು, ಅದರ ಆಚೆ ಯಕಾರ ಒತ್ತಾಗದೆ ಪೂರ್ಣಾಕ್ಷರವಾಗಿ ಕುಳಿತಿತ್ತು, ಟಕಾರಕ್ಕೆ ಗುಡಿಸು ಕೂಡಿಕೊಂಡಿರಲಿಲ್ಲ. ಭಾರತೀಯ ಲಿಪಿಗಳಲ್ಲಿ ಅಕ್ಷರಗಳು ಒಂದರ ಪಕ್ಕ ಒಂದು ನಿಲ್ಲುವುದಿಲ್ಲ, ಒಂದನ್ನೊಂದು ರೂಪಾಂತರಿಸುತ್ತವೆ. ಈ ರೂಪಾಂತರವನ್ನು ಲೆಕ್ಕಹಾಕುವ ಪ್ರತ್ಯೇಕ ಕ್ರಮವಿಧಿ ಬೇಕು. ಬ್ಲೆಂಡರಿನ ಪಠ್ಯಸೌಲಭ್ಯದಲ್ಲಿ ಬಹುಕಾಲ ಅದು ಇರಲಿಲ್ಲ. ಉದ್ಯಮದ ಉಪಕರಣಗಳನ್ನೂ ಇಲ್ಲಿ ಹೊಗಳುವಂತಿಲ್ಲ. ಯೂನಿಕೋಡ್ ಕನ್ನಡವನ್ನು ಸರಿಯಾಗಿ ತೋರಿಸಲು ಅವುಗಳಲ್ಲಿ ಹಲವು ವರ್ಷಗಟ್ಟಲೆ ತಡಮಾಡಿದವು.

ಹುಡುಗಿ ಕಂಡುಕೊಂಡ ಉಪಾಯ ಸರಳ. ಇಂಕ್‌ಸ್ಕೇಪ್ ಎಂಬ ಇನ್ನೊಂದು ಮುಕ್ತ ತಂತ್ರಾಂಶದಲ್ಲಿ ಹೆಸರನ್ನು ಬರೆದಳು. ಅಲ್ಲಿ ಒತ್ತಕ್ಷರ ಸರಿಯಾಗಿ ಮೂಡುತ್ತದೆ. ಅದನ್ನು ಅಕ್ಷರವಾಗಿ ಅಲ್ಲ, ಗೆರೆಗಳ ಆಕೃತಿಯಾಗಿ ಪರಿವರ್ತಿಸಿ, ಎಸ್‌ವಿಜಿ ಕಡತವಾಗಿ ಉಳಿಸಿ ಬ್ಲೆಂಡರಿಗೆ ತಂದಳು. ನಮ್ಮ ಓದುಗರಲ್ಲಿ ಪಾಠಗಳಿಗಾಗಿ ಇಂಥ ಚಿತ್ರಗಳನ್ನು ಮಾಡಿಸುವವರು ಇದನ್ನು ಗಮನಿಸಬಹುದು. ಆದರೆ ಹೀಗೆ ತಂದ ಮೇಲೆ ಅದು ಕನ್ನಡವಲ್ಲ, ಕನ್ನಡದ ಚಿತ್ರ. ಒಂದು ಅಕ್ಷರ ತಪ್ಪಿದ್ದರೆ ಮತ್ತೆ ಮೊದಲಿನಿಂದ ಬರೆಯಬೇಕು.

ಆ ಒತ್ತಕ್ಷರವನ್ನು ನೋಡುತ್ತಿದ್ದಾಗ ನಮಗೆ ನೆನಪಾದದ್ದು ಎಸ್ಪ್ಲನೇಡಿನಿಂದ ಹೂಗ್ಲಿ ನದಿಯ ಮೇಲುದಿಕ್ಕಿಗಿರುವ ಶ್ರೀರಾಮಪುರ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಅಚ್ಚಾದದ್ದು ಅಲ್ಲಿನ ಮಿಶನ್ ಮುದ್ರಣಾಲಯದಲ್ಲಿ. ಕನ್ನಡ ಅಕ್ಷರಗಳು ಅಚ್ಚಿನ ಮೊಳೆಗಳಾದ ಕಥೆ ಕರ್ನಾಟಕದಿಂದ ಅಷ್ಟು ದೂರದಲ್ಲಿ, ಕನ್ನಡಿಗರಲ್ಲದವರ ಕೈಯಲ್ಲಿ ಆರಂಭವಾಯಿತು. ಆಗ ತಿದ್ದುವ ಅವಕಾಶ ನಮಗಿರಲಿಲ್ಲ. ಮೊಳೆ ಬೇರೆಯವರದು, ಯಂತ್ರ ಬೇರೆಯವರದು. ಈಗಿನ ಸ್ಥಿತಿ ಹಾಗಲ್ಲ. ಭಾರತೀಯ ಲಿಪಿಗಳ ರೂಪಾಂತರವನ್ನು ಲೆಕ್ಕಹಾಕುವ ಹಾರ್ಫ್‌ಬಜ್ ಎಂಬ ಮುಕ್ತ ಸಂಕೇತ ಇದ್ದೇ ಇದೆ. ಫೈರ್‌ಫಾಕ್ಸ್, ಲಿಬ್ರೆಆಫೀಸ್, ಆಂಡ್ರಾಯ್ಡ್ ಫೋನುಗಳು ಕನ್ನಡವನ್ನು ಸರಿಯಾಗಿ ತೋರಿಸುವುದು ಅದರ ಬಲದಿಂದ. ಬ್ಲೆಂಡರಿನ ಆಕರವೂ ತೆರೆದಿದೆ. ಇವೆರಡನ್ನು ಬೆಸೆಯುವ ಕೆಲಸ ತಂತ್ರಜ್ಞರದ್ದು ನಿಜ. ಆದರೆ ಬೆಸೆದದ್ದು ಸರಿಯಾಗಿದೆಯೇ ಎಂದು ಹೇಳಬೇಕಾದವರು ಯಾರು? ಅರ್ಕಾವತ್ತು ಎಲ್ಲಿ ಬರಬೇಕು, ಮೂರು ವ್ಯಂಜನಗಳ ಸಂಯುಕ್ತದಲ್ಲಿ ಎರಡನೆಯ ಒತ್ತು ಎಲ್ಲಿ ಇಳಿಯಬೇಕು, ಱ ಮತ್ತು ೞ ಕಾರಗಳಿಗೆ ಒತ್ತು ಬಂದಾಗ ರೂಪವೇನು ಎಂಬುದನ್ನು ಕೋಲ್ಕತ್ತದ ಇಪ್ಪತ್ತೊಂದು ವರ್ಷದ ಹುಡುಗಿ ಹೇಳಲಾರಳು, ಆಮ್‌ಸ್ಟರ್‌ಡಾಮಿನವರು ಹೇಳಲಾರರು. ಅದು ನಮ್ಮ ವಿಭಾಗಗಳ ವಿದ್ಯೆ. ಕನ್ನಡಕ್ಕೆ ತಂತ್ರಾಂಶ ಬೇಕೆಂದು ಪೂರ್ಣಚಂದ್ರ ತೇಜಸ್ವಿಯವರು ತಮ್ಮ ಕೊನೆಯ ವರ್ಷಗಳಲ್ಲಿ ಹಟ ಹಿಡಿದು ಶ್ರಮಿಸಿದರು. ಅವರು ತೀರಿಕೊಂಡದ್ದು 2007ರಲ್ಲಿ. ಆಮೇಲೆ ಆಸಕ್ತ ತರುಣರು ತಮ್ಮ ಬಿಡುವಿನ ವೇಳೆಯಲ್ಲಿ ಅಕ್ಷರವಿನ್ಯಾಸಗಳನ್ನು ಮಾಡಿ ಮುಕ್ತವಾಗಿ ಹಂಚಿದ್ದಾರೆ. ಕನ್ನಡ ವಿಭಾಗವೊಂದು ಇಂಥ ಉಪಕರಣದ ಅಕ್ಷರದೋಷವನ್ನು ಪಟ್ಟಿಮಾಡಿ, ಪರೀಕ್ಷಾಪಾಠವನ್ನು ಸಿದ್ಧಪಡಿಸಿ ಕಳಿಸಿಕೊಟ್ಟದ್ದನ್ನು ನಾವು ಕಂಡಿಲ್ಲ. ನಮ್ಮ ಪೀಠವೂ ಇದರಿಂದ ಹೊರತಲ್ಲ. ತಿದ್ದುವ ಹಕ್ಕು ನಮಗೆ ದೊರೆತು ವರ್ಷಗಳಾದವು. ನಾವು ಅದನ್ನು ದರ್ಶನಕ್ಕಿಟ್ಟಿದ್ದೇವೆ.

ಆ ರಾತ್ರಿ ಊಟವಾದ ಮೇಲೆ ಕಾಗದ ಹಿಡಿದು ಕುಳಿತು, ಪರೀಕ್ಷೆಗೆಂದು ಸಂಯುಕ್ತಾಕ್ಷರಗಳ ಪಟ್ಟಿಯನ್ನು ಬರೆಯತೊಡಗಿದೆವು. ಮೊದಲು ಬಳಕೆಯ ಪದಗಳು: ಕರ್ನಾಟಕ, ರಾಷ್ಟ್ರ, ಸ್ತ್ರೀ, ಲಕ್ಷ್ಮಿ, ವಸ್ತ್ರ. ಅನಂತರ ಹಳಗನ್ನಡದವು. ಹುಡುಗಿ ಒಂದೊಂದನ್ನೂ ಟೈಪು ಮಾಡಿ, ಇಂಕ್‌ಸ್ಕೇಪಿನಲ್ಲಿ ಒಂದು ಕಡೆ, ಬ್ಲೆಂಡರಿನಲ್ಲಿ ಒಂದು ಕಡೆ ಇಟ್ಟು ತೋರಿಸಿದಳು. ನೂರ ನಲವತ್ತರವರೆಗೆ ಬರೆದೆವು. ೞಕಾರದ ದ್ವಿತ್ವದ ವಿಷಯದಲ್ಲಿ ನಮಗೇ ಸಂಶಯ ಬಂದು, ಶಾಸನಪಾಠಗಳನ್ನು ನೋಡಿ ಹೇಳುವುದಾಗಿ ಅವಳಿಗೆ ಮಾತು ಕೊಟ್ಟು ಬಂದೆವು. ಪಟ್ಟಿಯ ಉಳಿದ ಭಾಗವನ್ನು ಈ ಪೀಠದ ವಿಳಾಸಕ್ಕೆ ಬರೆದು ತರಿಸಿಕೊಳ್ಳುವವರಿಗೆ ಕಳಿಸಲಾಗುವುದು. ಬಿಟ್ಟುಹೋದವನ್ನು ಸೇರಿಸಿ ಹಿಂದಿರುಗಿಸಬೇಕೆಂದು ಕೋರಿಕೆ.